ಟರ್ಬೊ ಕಾರಿನ ಇಂಧನ ಮಿಶ್ರಣವನ್ನು ತೆಳುವಾಗಿಸಿದರೆ ಎಷ್ಟು ಹಾರ್ಸ್‌ಪವರ್ ಸಿಗುತ್ತದೆ?

ನಿಮ್ಮ ಟರ್ಬೊ ಕಾರಿಗೆ ಮಾಡಿಸಬೇಕೆಂದಿರುವ ಬದಲಾವಣೆಗಳ ಪಟ್ಟಿ ಕಳಿಸಿದ್ದೀರಿ. ಅದರಲ್ಲಿ ಗಾಳಿ-ಇಂಧನ ಅನುಪಾತವನ್ನು (ಒಂದು ಗ್ರಾಂ ಪೆಟ್ರೋಲಿಗೆ ಎಷ್ಟು ಗ್ರಾಂ ಗಾಳಿ; ಸಂಖ್ಯೆ ಏರಿದಷ್ಟೂ ಮಿಶ್ರಣ ತೆಳು) 11ರಿಂದ 12.5ಕ್ಕೆ ತರಬೇಕೆಂದಿದ್ದೀರಿ, 11ರಲ್ಲಿ ಪೆಟ್ರೋಲ್ ‘ವ್ಯರ್ಥ’ ಎಂದಿದ್ದೀರಿ, ‘ಗರಿಷ್ಠ ಶಕ್ತಿಯ ಮಿಶ್ರಣ ಅದೇ ಅಲ್ಲವೇ’ ಎಂದು ಕೇಳಿದ್ದೀರಿ. ದಯವಿಟ್ಟು ತರಬೇಡಿ. ನನ್ನ ಎಂಜಿನ್ನಿನ ನಾಲ್ಕನೆಯ ಪಿಸ್ಟನ್ ಒಡೆದಾಗ ಮೀಟರಿನಲ್ಲಿದ್ದದ್ದೂ 12.5.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಕಾರು ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ: 2.5 ಲೀಟರ್, ನಾಲ್ಕು ಸಿಲಿಂಡರಿನ ಬಾಕ್ಸರ್ ಎಂಜಿನ್, ಟರ್ಬೊ, ಕಾರ್ಖಾನೆ ಹೇಳುವ ಶಕ್ತಿ 305 ಹಾರ್ಸ್‌ಪವರ್. ಕಾರಿನ ತಪ್ಪು ಏನೂ ಇರಲಿಲ್ಲ. ನಾನು ಅದಕ್ಕೆ ಹೊರಗಿನಿಂದ ತಂದ ಅಗಲವಾದ ಏರ್ ಫಿಲ್ಟರ್ ಕೊಳವೆಯನ್ನು ಜೋಡಿಸಿದ್ದೆ. ಲ್ಯಾಪ್‌ಟಾಪಿನಿಂದ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಅನುಸರಿಸುವ ಮ್ಯಾಪ್, ಅಂದರೆ ಕೋಷ್ಟಕಗಳನ್ನು, ಬದಲಿಸುವುದನ್ನೂ ಕಲಿತಿದ್ದೆ. ಎರಡನ್ನೂ ಒಂದೇ ಕಾಲಕ್ಕೆ ಮಾಡಿದೆ, ಆದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಯೋಚಿಸಲಿಲ್ಲ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಯಲ್ಲಿಯೂ ಇಂಥದೇ ಕೊಳವೆಯ ಬಗ್ಗೆ ‘ಹೊಸ ಇನ್‌ಟೇಕ್’ ಎಂದಿದೆ.

ಈ ಕಾರಿನಲ್ಲಿ ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆಯುವುದು ಕೊಳವೆಯೊಳಗಿನ ಏರ್‌ಫ್ಲೋ ಸೆನ್ಸರ್. ಬಿಸಿ ತಂತಿಯ ಮೇಲೆ ಗಾಳಿ ಹಾಯುತ್ತದೆ, ತಂತಿ ತಣಿದಷ್ಟೂ ವೋಲ್ಟೇಜು ಏರುತ್ತದೆ. ಸೆನ್ಸರಿಗೆ ತಿಳಿಯುವುದು ತನ್ನ ಮುಂದೆ ಹಾಯುವ ಗಾಳಿಯ ವೇಗ ಮಾತ್ರ, ಕೊಳವೆಯ ಅಗಲ ಅದಕ್ಕೆ ತಿಳಿಯದು. ಅಗಲವನ್ನು ಕಾರ್ಖಾನೆಯವರು ಇಸಿಯುವಿನ ಕೋಷ್ಟಕದಲ್ಲಿ ಮೊದಲೇ ಸೇರಿಸಿರುತ್ತಾರೆ: ಇಷ್ಟು ವೋಲ್ಟ್ ಬಂದರೆ ಸೆಕೆಂಡಿಗೆ ಇಷ್ಟು ಗ್ರಾಂ ಗಾಳಿ. ಈಗ 70 ಮಿಲಿಮೀಟರ್ ಒಳವ್ಯಾಸದ ಕೊಳವೆ ತೆಗೆದು 74 ಮಿಲಿಮೀಟರಿನದನ್ನು ಹಾಕಿದಿರಿ ಎನ್ನಿ. ವ್ಯಾಸ ಹೆಚ್ಚಿದ್ದು ಶೇ 6ರ ಆಸುಪಾಸು, ಕೊಳವೆಯ ಬಾಯಿಯ ವಿಸ್ತೀರ್ಣ ಹೆಚ್ಚಿದ್ದು ಶೇ 12ರ ಹತ್ತಿರ. ಅಂದರೆ ಅದೇ ವೋಲ್ಟೇಜಿಗೆ ಶೇ 12ರಷ್ಟು ಹೆಚ್ಚು ಗಾಳಿ ಒಳಗೆ ಹೋಗುತ್ತಿದೆ, ಇಸಿಯು ಮಾತ್ರ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಸಿಂಪಡಿಸುತ್ತಿದೆ. ಅದು ಕೊಡಲು ಹೊರಟದ್ದು 11.2ರ ಮಿಶ್ರಣ, ಸಿಲಿಂಡರಿಗೆ ಸಿಕ್ಕಿದ್ದು 12.5.

ಮಿಶ್ರಣವೊಂದೇ ಕೆಟ್ಟಿದ್ದರೆ ಎಂಜಿನ್ ಪ್ರಾಯಶಃ ತಡೆದುಕೊಳ್ಳುತ್ತಿತ್ತು. ಆದರೆ ಇಗ್ನಿಷನ್ ಟೈಮಿಂಗನ್ನೂ (ಸ್ಪಾರ್ಕ್ ಪ್ಲಗ್ ಕಿಡಿ ಕೊಡುವ ಗಳಿಗೆ) ಇಸಿಯು ಅದೇ ಗಾಳಿಯ ಲೆಕ್ಕದಿಂದಲೇ ಆರಿಸುತ್ತದೆ. ಗಾಳಿ ಕಡಿಮೆ ಎಂದು ಭಾವಿಸಿದರೆ ಎಂಜಿನ್ನಿನ ಮೇಲಿನ ಹೊರೆ ಕಡಿಮೆ ಎಂದೇ ಭಾವಿಸುತ್ತದೆ, ಹೊರೆ ಕಡಿಮೆಯಿದ್ದರೆ ಕಿಡಿಯನ್ನು ಇನ್ನಷ್ಟು ಮುಂಚಿತವಾಗಿ ಕೊಡುತ್ತದೆ. ಹೀಗೆ ಮಿಶ್ರಣ ತೆಳುವಾದ ಕ್ಷಣದಲ್ಲಿಯೇ ಟೈಮಿಂಗೂ ಮುಂದಕ್ಕೆ ಸರಿಯಿತು. ನಾಕಿಂಗ್ (ಜ್ವಾಲೆ ತಲುಪುವ ಮೊದಲೇ ಮಿಶ್ರಣ ತಾನಾಗಿ ಸಿಡಿಯುವುದು) ಹುಟ್ಟಲು ಬೇಕಾದ ಎರಡೂ ಒಟ್ಟಿಗೆ ಒದಗಿದವು.

ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಓಡಿಸಿದಾಗ ಶಕ್ತಿ ಏರಿದ್ದು ನಿಜ. ಮೀಟರು 12.5 ತೋರಿಸಿತು, ನಾನು ಓದಿದ ಕಡೆಯಲ್ಲೆಲ್ಲ ಗರಿಷ್ಠ ಶಕ್ತಿಗೆ 12.5ರಿಂದ 13 ಎಂದಿತ್ತು. ಅದು ಟರ್ಬೊ ಇಲ್ಲದ ಎಂಜಿನ್ನುಗಳ ಮಾತು ಎಂಬುದನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ. ನಾನು ಕೇಳದೆಯೇ ಬಂದ ಆ ಸಂಖ್ಯೆ ಅಳತೆಯ ದೋಷದಿಂದ ಬಂದಿರಬಹುದೇ ಎಂದು ಅನುಮಾನಿಸಲೂ ಇಲ್ಲ.

ಇಸಿಯು ಅದನ್ನು ಸ್ಪಷ್ಟವಾಗಿಯೇ ತೋರಿಸುತ್ತಿತ್ತು. ಸಾಧಾರಣ ವೇಗದಲ್ಲಿ ಹೋಗುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಅದು ಮಿಶ್ರಣವನ್ನು 14.7ರ ಸುತ್ತ ಹಿಡಿದಿಡುತ್ತದೆ, ಎಷ್ಟು ತಿದ್ದಬೇಕಾಯಿತು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಈ ಕಾರಿನಲ್ಲಿ ಹಾಗೆ ಕಲಿತ ತಿದ್ದುಪಡಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗಲೂ ಅನ್ವಯವಾಗುತ್ತದೆ. ನನ್ನ ಲಾಗಿನಲ್ಲಿ (ಇಸಿಯುವಿನಿಂದ ತೆಗೆದ ದಾಖಲೆ) ಅದು ಶೇ 11ಕ್ಕಿಂತ ಹೆಚ್ಚು ಪೆಟ್ರೋಲ್ ಸೇರಿಸುತ್ತಿತ್ತು. ಇಷ್ಟು ದೊಡ್ಡ ತಿದ್ದುಪಡಿ ಕಂಡರೆ ನಿಂತು ಕಾರಣ ಹುಡುಕಬೇಕು. ನಾನು ಅದನ್ನು ಹಳೆಯ ಮ್ಯಾಪಿನ ಉಳಿಕೆ ಎಂದುಕೊಂಡು, ರೇಸ್ ಟ್ರ್ಯಾಕಿಗೆ ಇಳಿಯುವ ಮೊದಲು ಇಸಿಯುವನ್ನು ರೀಸೆಟ್ ಮಾಡಿ ಅಳಿಸಿಹಾಕಿದೆ. ಅಷ್ಟು ದಿನ ಎಂಜಿನ್ನನ್ನು ಉಳಿಸಿದ್ದ ಲೆಕ್ಕವನ್ನು ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿ ಕಿತ್ತುಹಾಕಿದ್ದೆ.

ಟ್ರ್ಯಾಕು ಉತ್ತರ ಕ್ಯಾಲಿಫೋರ್ನಿಯಾದ ವಿಲ್ಲೋಸ್ ಬಳಿಯ ಥಂಡರ್‌ಹಿಲ್. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಎಂಜಿನ್ನಿನ ಮೇಲೆಯೇ ಕುಳಿತ, ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೆಲವು ಸುತ್ತುಗಳಲ್ಲಿ ಕಾದುಹೋಗುತ್ತದೆ, ಒಳಗೆ ಹೋಗುವ ಗಾಳಿ ಬಿಸಿಯಾಗುತ್ತದೆ. ಮಧ್ಯಾಹ್ನದ ಸರದಿಯಲ್ಲಿ ಕನ್ನಡಿಯಲ್ಲಿ ನೀಲಿ ಹೊಗೆ ಕಂಡಿತು. ಆಮೇಲೆ ಲಾಗ್ ತೆರೆದರೆ ಇಸಿಯು ಸುತ್ತು ಸುತ್ತಿಗೂ ನಾಕಿಂಗ್ ಗುರುತಿಸಿ ಟೈಮಿಂಗನ್ನು ಹಿಂದಕ್ಕೆ ಎಳೆಯುತ್ತಲೇ ಇದ್ದದ್ದು ಕಂಡಿತು. ಎಂಜಿನ್ ಬಿಚ್ಚಿದಾಗ ನಾಲ್ಕನೆಯ ಪಿಸ್ಟನ್ನಿನಲ್ಲಿ ಮೊದಲ ಮತ್ತು ಎರಡನೆಯ ರಿಂಗುಗಳ ನಡುವಿನ ಅಂಚು ಮುರಿದಿತ್ತು, ಸಿಲಿಂಡರಿನ ಗೋಡೆ ಗೀಚಿಹೋಗಿತ್ತು. ಇಡೀ ಕೆಳಭಾಗವನ್ನು ಬದಲಿಸಬೇಕಾಯಿತು. ಆ ಹಣದಲ್ಲಿ ಊರಿಗೆ ಸಂಸಾರ ಸಮೇತ ಹೋಗಿಬರಬಹುದಿತ್ತು. ಆ ವರ್ಷ ಹೋಗಲಿಲ್ಲ, ಅದು ನನಗೆ ಇಂದಿಗೂ ನೋವಿನ ವಿಷಯ.

ಈಗ ನಿಮ್ಮ ಪ್ರಶ್ನೆ. ಅದರ ಬುಡದಲ್ಲಿರುವ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ. ಮಿಶ್ರಣ ಹಾರ್ಸ್‌ಪವರ್ ಹುಡುಕುವ ಜಾಗವಲ್ಲ. ನಮ್ಮ ಊರಿನ ಗ್ಯಾರೇಜುಗಳಲ್ಲಿ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಗಾಡಿಯನ್ನು ‘ಎಬ್ಬಿಸುವುದನ್ನು’ ನೋಡಿ ಬೆಳೆದ ನಮಗೆ ಶಕ್ತಿಯೆಲ್ಲ ಆ ಸ್ಕ್ರೂವಿನಲ್ಲಿದೆ ಎಂಬ ಭಾವನೆ ಉಳಿದುಬಿಟ್ಟಿದೆ. ಗರಿಷ್ಠ ಶಕ್ತಿಯ ಸುತ್ತಮುತ್ತ ರೇಖೆ ಬಹುಮಟ್ಟಿಗೆ ಸಮತಟ್ಟು: ಲ್ಯಾಂಬ್ಡಾ (ಅನುಪಾತವನ್ನು ಪೆಟ್ರೋಲ್ ಪೂರ್ತಿ ಉರಿಯುವ 14.7ರಿಂದ ಭಾಗಿಸಿದ ಸಂಖ್ಯೆ; 12.5 ಅಂದರೆ 0.85) 0.85 ಇರಲಿ, 0.90 ಇರಲಿ, ವ್ಯತ್ಯಾಸ ಶೇ 1ರ ಆಚೀಚೆ. ಟರ್ಬೊ ಎಂಜಿನ್ನಿನಲ್ಲಿ ಅದಕ್ಕಿಂತ ದಟ್ಟ ಮಿಶ್ರಣ ಕೊಡುವುದು ಶಕ್ತಿಗಾಗಿ ಅಲ್ಲ. ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದನ್ನು ತಡೆಯುತ್ತದೆ. ನೀವು ‘ವ್ಯರ್ಥ’ ಎಂದು ಕರೆದ ಪೆಟ್ರೋಲ್ ಅದೇ.

ಶಕ್ತಿ ಬರುವುದು ಗಾಳಿಯಿಂದ. ಎಂಜಿನ್ ಮತ್ತೆ ಕಟ್ಟಿಸಿದ ಮೇಲೆ ಕಾರಿನ ಮುಂಭಾಗದಲ್ಲಿ ದೊಡ್ಡ ಇಂಟರ್‌ಕೂಲರ್ ಹಾಕಿಸಿದೆ, ಹೊಸ ಕೊಳವೆಗೆ ತಕ್ಕಂತೆ ಏರ್‌ಫ್ಲೋ ಕೋಷ್ಟಕವನ್ನು ಮೊದಲಿನಿಂದ ತಿದ್ದಿದೆ, ಮಿಶ್ರಣವನ್ನು 11ರ ಹತ್ತಿರ ಇಟ್ಟೆ. ಬೂಸ್ಟನ್ನು (ಟರ್ಬೊ ಗಾಳಿ ತುಂಬುವ ಒತ್ತಡ) ಸ್ವಲ್ಪವೇ ಏರಿಸಿದೆ. ಡೈನೊದಲ್ಲಿ ಬಂದ ಶಕ್ತಿ ಆ ತೆಳು ಮಿಶ್ರಣದ ದಿನಕ್ಕಿಂತ ಹೆಚ್ಚು. ಆದ್ದರಿಂದ ಇನ್‌ಟೇಕ್ ಹಾಕಿದ ದಿನ ಬೂಸ್ಟ್, ಟೈಮಿಂಗ್ ಯಾವುದನ್ನೂ ಮುಟ್ಟಬೇಡಿ. ಮೊದಲು ಏರ್‌ಫ್ಲೋ ಕೋಷ್ಟಕ ಸರಿಹೋಗಲಿ, ಇಸಿಯು ಕಲಿತಿಟ್ಟುಕೊಳ್ಳುವ ದೀರ್ಘಾವಧಿಯ ತಿದ್ದುಪಡಿ ಶೇ 3–4ರೊಳಗೆ ಬರಲಿ. ಟ್ಯೂನ್ ಮಾಡಿಕೊಡುವವರು ನಾಕಿಂಗ್ ಲಾಗ್ ತೋರಿಸದೆ ಹಾರ್ಸ್‌ಪವರಿನ ಕಾಗದ ಮಾತ್ರ ಕೈಗಿಟ್ಟರೆ ಹಣ ಕೊಡಬೇಡಿ.

ನೀವು ಬೆಂಗಳೂರಿನಲ್ಲಿರುವುದರಿಂದ ಇನ್ನೆರಡು ಮಾತು. ನಾನು ಇಲ್ಲಿ ಬಳಸುವುದು 91 ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ) ಪೆಟ್ರೋಲ್, ಆದರೆ ಅದು ನಿಮ್ಮ ಬಂಕಿನ ಲೆಕ್ಕವಲ್ಲ. ಅಮೆರಿಕದಲ್ಲಿ ಎರಡು ಬಗೆಯ ಅಳತೆಯ ಸರಾಸರಿ ಬರೆಯುತ್ತಾರೆ, ಭಾರತದಲ್ಲಿ ಅವುಗಳಲ್ಲಿ ಒಂದಾದ ಆರ್‌ಒಎನ್. ಇಲ್ಲಿನ 91 ಅಲ್ಲಿನ ಸುಮಾರು 95ಕ್ಕೆ ಸಮ. ನನ್ನ ಮ್ಯಾಪನ್ನಾಗಲಿ ಬೇರೆ ದೇಶದ ಯಾರ ಮ್ಯಾಪನ್ನಾಗಲಿ ಹಾಗೆಯೇ ಇಳಿಸಿಕೊಳ್ಳಬೇಡಿ.

ಎರಡನೆಯದು, ನಿಮ್ಮಲ್ಲಿ ಈಗ ಸಿಗುವ ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯುವ ಅನುಪಾತ 14.7 ಆದರೆ ಇ20ಗೆ ಅದು ಸುಮಾರು 13.5. ನಿಮ್ಮ ಮೀಟರು ಅಳೆಯುವುದು ಲ್ಯಾಂಬ್ಡಾವನ್ನು, 14.7ರಿಂದ ಗುಣಿಸಿ ಅನುಪಾತ ತೋರಿಸುತ್ತದೆ ಅಷ್ಟೇ. ಹಾಗಾಗಿ ಅದನ್ನು ಲ್ಯಾಂಬ್ಡಾ ತೋರಿಸುವಂತೆ ಬದಲಿಸಿಕೊಳ್ಳಿ, ಪೂರ್ತಿ ಬೂಸ್ಟಿನಲ್ಲಿ 0.76–0.78ರ ಸುತ್ತ ಆರಂಭಿಸಿ. ಅದೇ ಲ್ಯಾಂಬ್ಡಾಗೆ ಇ20 ಶುದ್ಧ ಪೆಟ್ರೋಲಿಗಿಂತ ಶೇ 9ರಷ್ಟು ಹೆಚ್ಚು ಬೇಕಾಗುತ್ತದೆ. ಇಂಜೆಕ್ಟರುಗಳು (ಪೆಟ್ರೋಲ್ ಸಿಂಪಡಿಸುವ ನಳಿಕೆಗಳು) ತೆರೆದಿರುವ ಅವಧಿ ಶೇ 85 ದಾಟುತ್ತಿದ್ದರೆ ಬೂಸ್ಟ್ ಏರಿಸುವ ಯೋಚನೆಯನ್ನು ಬಿಟ್ಟು, ಮೊದಲು ದೊಡ್ಡ ಇಂಜೆಕ್ಟರುಗಳನ್ನು ಹಾಕಿಸಿ.