ಮೊದಲ ವಿಮಾನ, ಎಫ್‌ಡಿ ಚಿಂತೆ

ನಮಸ್ಕಾರ ಅಕ್ಕಾ. ಮಗಳ ಬಾಣಂತನಕ್ಕೆ ಬೆಂಗಳೂರಿಂದ ದೆಹಲಿಗೆ ಮೊದಲ ಸಲ ವಿಮಾನ ಹತ್ತಬೇಕು, ಎದೆ ನಡುಗುತ್ತೆ, ಟಿಕೆಟ್‌ಗೆ ಎಫ್‌ಡಿ ಮುರಿಸಲಾ ಅಂತ ಕೇಳಿದ್ದೀರಿ.

ಮುರಿಸಬೇಡಿ. ಅವಧಿಗೆ ಮುಂಚೆ ತೆಗೆದರೆ ಸಾಮಾನ್ಯವಾಗಿ ಬಡ್ಡಿ ಕಡಿತ ಮಾಡ್ತಾರೆ. ಅದೇ ಎಫ್‌ಡಿ ಮೇಲೆ ಸಾಲ ಸಿಗುತ್ತಾ ಅಂತ ಬ್ಯಾಂಕಲ್ಲಿ ಕೇಳಿ. ಬಡ್ಡಿ ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ 1–2% ಹೆಚ್ಚಿರುತ್ತೆ ಅಷ್ಟೇ. ಎರಡು ಮೂರು ತಿಂಗಳಲ್ಲಿ ತೀರಿಸಿಬಿಡಬಹುದು.

ಇನ್ನು ಭಯ. ನಾನು ಮೊದಲ ಸಲ ಹೋದಾಗ ಸೀಟಿನ ಕೈ ಹಿಡಿದು ಬೆರಳೆಲ್ಲ ಬಿಳಚಿಕೊಂಡಿದ್ದವು. ಯಾವ ಸದ್ದು ಯಾಕೆ ಅಂತ ಗೊತ್ತಾದ ಮೇಲೆ ಅರ್ಧ ಭಯ ಇಳೀತು. ನೆಲ ಬಿಟ್ಟ ಕೂಡಲೇ ಕಾಲಡಿ ಧಡ್ ಅನ್ನುತ್ತೆ, ಅದು ಚಕ್ರ ಒಳಗೆ ಮಡಚಿಕೊಳ್ಳೋದು. ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ತಗ್ಗಿ, ಹೊಟ್ಟೆಯಲ್ಲಿ ಜುಂ ಅಂದು, ಬೀಳ್ತಿದ್ದೀವಿ ಅನ್ನಿಸುತ್ತೆ. ಬೀಳ್ತಿರಲ್ಲ ಅಕ್ಕಾ, ಎಂಜಿನ್ ಶಕ್ತಿ ಕಡಿಮೆ ಮಾಡಿರ್ತಾರೆ, ವಿಮಾನ ಮೇಲೇರ್ತಾನೇ ಇರುತ್ತೆ. ರೆಕ್ಕೆ ಹತ್ತಿರದ ಸೀಟು ಕೇಳಿ, ಅಲ್ಲಿ ಕುಲುಕಾಟ ಕಡಿಮೆ. ಸಾಧ್ಯವಾದರೆ ಬೆಳಗ್ಗೆ ಬೇಗ ಹೊರಡುವ ವಿಮಾನವನ್ನೇ ಹಿಡೀರಿ, ಬಿಸಿಲೇರಿ ನೆಲ ಕಾದ ಮೇಲೆ ಗಾಳಿಯ ಏರಿಳಿತ ಜಾಸ್ತಿ. ಹತ್ತುವಾಗಲೇ ಗಗನಸಖಿಗೆ "ಇದು ನನ್ನ ಮೊದಲ ಸಲಮ್ಮಾ" ಅಂತ ಹೇಳಿಬಿಡಿ, ಸಂಕೋಚ ಬೇಡ. ಬಾಣಂತಿಗೆ ಒಯ್ಯುವ ತುಪ್ಪದ ಡಬ್ಬಿ ಮಾತ್ರ ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತಡೀತಾರೆ.