ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಕುಗ್ಗುವುದೇಕೆ?

ದೇಹದ ಉಳಿದೆಡೆ ಆಮ್ಲಜನಕ ಕಡಿಮೆಯಾದರೆ ರಕ್ತನಾಳಗಳು ಹಿಗ್ಗುತ್ತವೆ, ಶ್ವಾಸಕೋಶದಲ್ಲಿ ಮಾತ್ರ ಕುಗ್ಗುವುದೇಕೆ ಎಂದು ಕೇಳಿದ್ದೀರಿ. ಕಫ ಕಟ್ಟಿ ಗಾಳಿಯಾಡದ ಗಾಳಿಚೀಲಗಳ ಬಳಿ ಹರಿದ ರಕ್ತವು ಹೊಸದಾಗಿ ಆಮ್ಲಜನಕ ಪಡೆಯದೆಯೇ ಹಿಂದಿರುಗುತ್ತದೆ. ಆದ್ದರಿಂದ ಅಲ್ಲಿನ ಕಿರುಧಮನಿಗಳು ಕುಗ್ಗಿ, ರಕ್ತವನ್ನು ಚೆನ್ನಾಗಿ ಗಾಳಿಯಾಡುವ ಭಾಗಗಳತ್ತ ತಿರುಗಿಸುತ್ತವೆ. 1946ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳಾದ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ಇದನ್ನು ತೋರಿಸಿಕೊಟ್ಟರು.

ಈ ಕ್ರಿಯೆ ನಡೆಯುವುದು ಧಮನಿಯ ಗೋಡೆಯ ಸ್ನಾಯುಕೋಶಗಳಲ್ಲೇ. ಅದಕ್ಕೆ ನರಗಳ ಅಪ್ಪಣೆ ಬೇಕಿಲ್ಲ. ಆಮ್ಲಜನಕದ ಇಳಿಕೆಯನ್ನು ಮುಖ್ಯವಾಗಿ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳು ಗ್ರಹಿಸುತ್ತವೆ ಎಂಬುದು ಬಹುತೇಕ ತಜ್ಞರ ಅಭಿಪ್ರಾಯ. ಆಗ ಕೋಶಪೊರೆಯ ಪೊಟ್ಯಾಸಿಯಂ ದ್ವಾರಗಳು ಮುಚ್ಚಿ, ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ, ಕ್ಯಾಲ್ಸಿಯಂ ಒಳನುಗ್ಗಿ ಸ್ನಾಯು ಸಂಕುಚಿಸುತ್ತದೆ.

ತೊಂದರೆಯಾಗುವುದು ಇಡೀ ಶ್ವಾಸಕೋಶಕ್ಕೇ ಕೊರತೆ ಬಂದಾಗ. ಮುಂಬಯಿಯ ಮಾಟುಂಗಾದ ನಮ್ಮವರು ಸಮುದ್ರಮಟ್ಟದಿಂದ ಹೊರಟು, ವಿಮಾನದಲ್ಲಿ ನೇರವಾಗಿ ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿದರೆ, ರಕ್ತವನ್ನು ತಿರುಗಿಸಲು ಬೇರೆ ಜಾಗವೇ ಉಳಿಯದೆ ಶ್ವಾಸಕೋಶದ ಧಮನಿಯ ಒತ್ತಡ ಏರುತ್ತದೆ. ಕುಗ್ಗುವಿಕೆ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಕಡಿಮೆ ಕುಗ್ಗಿದ ಕಡೆಯ ಲೋಮನಾಳಗಳ (ಅತಿ ಸಣ್ಣ ರಕ್ತನಾಳಗಳ) ಮೇಲೆ ಒತ್ತಡ ಬಿದ್ದು, ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಅಂಥವರಿಗೆ ಆಮ್ಲಜನಕ ಕೊಟ್ಟು ಬೇಗ ಕೆಳಗಿನ ಊರಿಗೆ ಇಳಿಸಬೇಕು. ವೈದ್ಯರು ಕೊಡುವ ನಿಫೆಡಿಪಿನ್ ಎಂಬ ಔಷಧ ಮೇಲೆ ಹೇಳಿದ ಕ್ಯಾಲ್ಸಿಯಂನ ದಾರಿಯನ್ನೇ ತಡೆಯುತ್ತದೆ.