ಟ್ರೇಲ್ ರೈಡಿಂಗ್ ಶುರು ಮಾಡಲು ಹಿಮಾಲಯನ್ ತಗೊಳ್ಳಲಾ, ಎಕ್ಸ್‌ಪಲ್ಸ್ ತಗೊಳ್ಳಲಾ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಕೆಲಸ, 5 ಅಡಿ 5 ಇಂಚು ಎತ್ತರ, ಕೈಯಲ್ಲಿ 2 ಲಕ್ಷ ರೂಪಾಯಿ. ಇಲ್ಲಿಯವರೆಗೆ ಡಾಂಬರು ರಸ್ತೆಯಲ್ಲೇ ಬೈಕ್ ಓಡಿಸಿದ್ದೀರಿ. ಈಗ ಶನಿವಾರ, ಭಾನುವಾರ ಮಣ್ಣಿನ ದಾರಿ ಹಿಡಿಯುವ ಆಸೆ. ರಾಯಲ್ ಎನ್‌ಫೀಲ್ಡ್‌ನ ಹಳೆಯ ಹಿಮಾಲಯನ್ 411 ತಗೊಳ್ಳಲಾ, ಹೀರೋದ ಎಕ್ಸ್‌ಪಲ್ಸ್ 200 ತಗೊಳ್ಳಲಾ, ತಗೊಂಡ ಮೇಲೆ ಎಲ್ಲಿ ಓಡಿಸಲಿ ಅಂತ.

ಎಕ್ಸ್‌ಪಲ್ಸ್ ತಗೊಳ್ಳಿ. ಅದೂ ಸೆಕೆಂಡ್ ಹ್ಯಾಂಡ್. ಉಳಿದ ದುಡ್ಡನ್ನು ಒಳ್ಳೆಯ ಬೂಟು, ಮೊಣಕಾಲಿನ ಗಾರ್ಡು ಮತ್ತು ಒಂದು ದಿನದ ತರಬೇತಿಗೆ ಹಾಕಿ.

ಕಾರಣ ಒಂದೇ, ತೂಕ. ಬೈಕ್ ಬಗ್ಗೆ ಮಾತು ಬಂದರೆ ಎಲ್ಲರೂ ಮೊದಲು ಸಿಸಿ ಕೇಳುತ್ತಾರೆ, ಆಮೇಲೆ ಪವರ್ ಕೇಳುತ್ತಾರೆ. ಹೆದ್ದಾರಿಗೆ ಅದು ಸರಿ. ಕಾಲುದಾರಿಯಲ್ಲಿ ನೀವು ಹೆಚ್ಚು ಹೊತ್ತು ಇರುವುದು ಒಂದನೇ, ಎರಡನೇ ಗೇರಿನಲ್ಲಿ. ಅಲ್ಲಿ ಬೀಳುವುದು ಅಪರೂಪದ ಸಂಗತಿ ಏನಲ್ಲ, ದಿನದ ಲೆಕ್ಕದಲ್ಲಿ ಸೇರಿಕೊಂಡೇ ಇರುತ್ತದೆ. ನಿಧಾನವಾಗಿ ಬೀಳುತ್ತೀರಿ, ಏನೂ ಆಗುವುದಿಲ್ಲ. ಆದರೆ ಎತ್ತಬೇಕಲ್ಲ? ಹಿಮಾಲಯನ್ 411ರ ಬಿಎಸ್ 6 (ಹೊಸ ಹೊಗೆ ನಿಯಮಕ್ಕೆ ತಕ್ಕ) ಗಾಡಿ ಪೆಟ್ರೋಲ್ ಸಮೇತ 199 ಕೆ.ಜಿ. ತೂಗುತ್ತದೆ. ಎಕ್ಸ್‌ಪಲ್ಸ್ 200 ಅದಕ್ಕಿಂತ 40 ಕೆ.ಜಿ. ಕಡಿಮೆ. ಇಳಿಜಾರಿನಲ್ಲಿ, ಕೆಸರಿನಲ್ಲಿ, ಬಿಸಿಲಿನಲ್ಲಿ ಮೂರನೇ ಸಲ ಗಾಡಿ ಎತ್ತುವಾಗ ಈ 40 ಕೆ.ಜಿ. ಏನು ಅಂತ ಸೊಂಟಕ್ಕೆ ಗೊತ್ತಾಗುತ್ತದೆ. ಸುಸ್ತಾದ ಮೇಲೆ ತಲೆ ಓಡುವುದಿಲ್ಲ. ನಿಜವಾದ ಪೆಟ್ಟು ಬೀಳುವುದು ಆಗಲೇ. ಅದಕ್ಕೇ ನಾನು ಹೊಸಬರಿಗೆ ಹೇಳುವ ಮಾತು: ನೀವೊಬ್ಬರೇ ಎತ್ತಲು ಆಗುವ ಗಾಡಿಯೇ ನಿಮ್ಮ ಟ್ರೇಲ್ ಗಾಡಿ.

ಹಿಮಾಲಯನ್ ಕೆಟ್ಟ ಗಾಡಿ ಅಂತ ಖಂಡಿತ ಅಲ್ಲ. 2016ರಲ್ಲಿ ಅದು ಬಂದಾಗ ಎಷ್ಟೋ ಜನ ಮೊದಲ ಸಲ ಧೈರ್ಯ ಮಾಡಿ ಡಾಂಬರು ಬಿಟ್ಟು ಕೆಳಗಿಳಿದರು. ಸ್ಪಿತಿ, ಲಡಾಖ್ ಅಂತ ಲಗೇಜು ಕಟ್ಟಿಕೊಂಡು ದಿನಗಟ್ಟಲೆ ಹೋಗುವವರಿಗೆ ಅದು ಇವತ್ತಿಗೂ ನಂಬಿಕೆಯ ಗಾಡಿ. 32 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ ಇದೆ, ನಿಧಾನಕ್ಕೆ ಎಳೆದುಕೊಂಡು ಹತ್ತುತ್ತದೆ. ಆದರೆ ನೀವು ಕೇಳಿರುವುದು ಭಾನುವಾರ ಬೆಳಿಗ್ಗೆ ಬಂಡಿ ದಾರಿಯಲ್ಲಿ ಆಡಿ, ಸಂಜೆಗೆ ಮನೆ ಸೇರುವ ಮಾತು. ಅದಕ್ಕೆ ಅಷ್ಟು ಭಾರ ಬೇಡ.

ಎತ್ತರದ ಬಗ್ಗೆ ನಿಮಗೆ ಅಳುಕು ಇದೆ, ಅರ್ಥವಾಗುತ್ತದೆ. ಹಿಮಾಲಯನ್ ಸೀಟು 800 ಮಿ.ಮೀ., ಎಕ್ಸ್‌ಪಲ್ಸ್‌ನದು ಸುಮಾರು 825. ಕಾಗದದ ಮೇಲೆ ಹಿಮಾಲಯನ್ನೇ ನಿಮಗೆ ಸರಿ. ಆದರೆ ಎಕ್ಸ್‌ಪಲ್ಸ್ ಸಪೂರ, ಹಗುರ. ಟ್ರೇಲ್‌ನಲ್ಲಿ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು ಅಂತೇನಿಲ್ಲ. ಒಂದು ಕಡೆ ಸ್ವಲ್ಪ ಸರಿದು ಕೂತು, ಒಂದು ಕಾಲು ಗಟ್ಟಿಯಾಗಿ ಊರಿದರೆ ಸಾಕು. ಎಡಗಾಲು ಊರಿ, ಬಲಗಾಲು ಬ್ರೇಕ್ ಮೇಲೆ ಇಟ್ಟು ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ. ಒಂದು ಎಚ್ಚರಿಕೆ: ಎಕ್ಸ್‌ಪಲ್ಸ್ 200 4ವಿ (ನಾಲ್ಕು ವಾಲ್ವಿನ) ಪ್ರೋ ಅಂತ ಒಂದು ಬರುತ್ತದೆ, ಸೀಟು 891 ಮಿ.ಮೀ. ಸಸ್ಪೆನ್ಷನ್ ಅದ್ಭುತ, ಆದರೆ ನಿಮಗೆ ಈಗಲೇ ಬೇಡ. ಮಾಮೂಲಿ 4ವಿ ಸಾಕು, 2019ರ ಹಳೆಯ ಎರಡು ವಾಲ್ವಿನದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೂ ಸಾಕು. ಮುಂದೆ 21 ಇಂಚು, ಹಿಂದೆ 18 ಇಂಚು ಸ್ಪೋಕ್ ಚಕ್ರ, ನೆಲದಿಂದ ಗಾಡಿಯ ಹೊಟ್ಟೆಗೆ 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. ಈ ದುಡ್ಡಿಗೆ ಇಷ್ಟು ಕೊಡುವ ಗಾಡಿ ನಮ್ಮಲ್ಲಿ ಬೇರೆ ಇರಲಿಲ್ಲ. ಹೆದ್ದಾರಿಯಲ್ಲಿ ಮಾತ್ರ ಅವಸರ ಮಾಡಬೇಡಿ. 80ರಲ್ಲಿ ಆರಾಮ, 100 ದಾಟಿದರೆ ಎಂಜಿನ್ ಒದ್ದಾಡುತ್ತದೆ.

ಹಗುರ ಗಾಡಿಯ ಹುಚ್ಚು ನಮ್ಮ ಕಡೆ ಹೊಸದಲ್ಲ. ಮಲೆನಾಡಿನ ತೋಟಗಳಲ್ಲಿ ಬೆಳೆದವರಿಗೆ ಯಮಹಾ ಆರ್‌ಎಕ್ಸ್ 100 ಬೈಕ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. 1985ರಲ್ಲಿ ಬಂತು, 1996ರಲ್ಲಿ ನಿಂತಿತು. 98 ಸಿಸಿ, ತೂಕ ನೂರು ಕೆ.ಜಿ. ಆಸುಪಾಸು. ಅದನ್ನು ಯಾರೂ ಟ್ರೇಲ್ ಬೈಕ್ ಅಂತ ಮಾರಲಿಲ್ಲ. ಆದರೂ ಕಾಫಿ ತೋಟದ ಕಡಿದಾದ ದಾರಿಯಲ್ಲಿ ಅದು ಹತ್ತಿದ ಹಾಗೆ ದೊಡ್ಡ ಗಾಡಿಗಳು ಹತ್ತುತ್ತಿರಲಿಲ್ಲ. ಇವತ್ತಿಗೂ ಊರ ಕಡೆಯ ಡರ್ಟ್ ರೇಸುಗಳಲ್ಲಿ ಆ ಟೂ ಸ್ಟ್ರೋಕ್ ಸದ್ದು ಕೇಳಿದರೆ ಜನ ತಿರುಗಿ ನೋಡುತ್ತಾರೆ. ಆಮೇಲೆ 2011ರಲ್ಲಿ ಹೀರೋದವರು ಇಂಪಲ್ಸ್ ತಂದರು. 150 ಸಿಸಿ, 134 ಕೆ.ಜಿ. ಉದ್ದನೆಯ ಸಸ್ಪೆನ್ಷನ್, ಎತ್ತರದ ಹ್ಯಾಂಡಲ್, ನಿಜವಾದ ಮಣ್ಣಿನ ಗಾಡಿ. ಆಗ ನಮ್ಮ ಜನಕ್ಕೆ ಅದು ಯಾಕೆ ಅಂತ ಅರ್ಥವಾಗಲಿಲ್ಲ, ಮಾರಾಟ ಆಗದೆ ನಿಂತುಹೋಯಿತು. ಈಗ ಅದನ್ನೇ ಹುಡುಕಿಕೊಂಡು ಊರೂರು ಅಲೆಯುವವರಿದ್ದಾರೆ. ನಿಮಗೆ ಸಿಕ್ಕರೂ ಮೊದಲ ಗಾಡಿಯಾಗಿ ತಗೊಳ್ಳಬೇಡಿ, ಬಿಡಿಭಾಗ ಸಿಗುವುದು ಕಷ್ಟ.

ಈಗ ಆಯ್ಕೆ ಜಾಸ್ತಿ ಆಗಿದೆ. ಎಕ್ಸ್‌ಪಲ್ಸ್ 210 ಬಂದಿದೆ, ಕವಾಸಾಕಿ ಕೆಎಲ್‌ಎಕ್ಸ್ 230 ಇದೆ, ಕೆಟಿಎಂ 390 ಎಂಡ್ಯೂರೋ ಆರ್ ಇದೆ. ಕೆಎಲ್‌ಎಕ್ಸ್ ಬರೀ 139 ಕೆ.ಜಿ., ನೋಡಿದರೆ ಆಸೆಯಾಗುತ್ತದೆ. ಆದರೆ ಸೀಟು 880 ಮಿ.ಮೀ. ಹತ್ತಿರ. ಒಂದು ವರ್ಷ ಎಕ್ಸ್‌ಪಲ್ಸ್ ಓಡಿಸಿ, ಆಮೇಲೆ ಅದರ ಮೇಲೆ ಹತ್ತಿ ನೋಡಿ. ಇನ್ನೊಂದು ಮಾತು. ಹೆಡ್‌ಲೈಟು, ನಂಬರ್ ಪ್ಲೇಟು ಇಲ್ಲದ ಪಕ್ಕಾ ಡರ್ಟ್ ಬೈಕ್ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅವು ನೋಂದಣಿ ಆಗುವುದಿಲ್ಲ, ಟ್ರ್ಯಾಕ್‌ಗೆ ಮಾತ್ರ. ಹಳ್ಳಿ ರಸ್ತೆ ದಾಟಲೂ ಕಾನೂನು ಒಪ್ಪುವುದಿಲ್ಲ.

ಎಲ್ಲಿ ಓಡಿಸುವುದು? ಮೊದಲ ಕೆಲವು ತಿಂಗಳು ಕೋಲಾರದ ದಿಕ್ಕಿಗೆ ಹೋಗಿ. ಒಣ ನೆಲ, ಕೆಂಪು ಮಣ್ಣು, ಬಂಡೆ, ನೀಲಗಿರಿ ತೋಪು, ಹಳ್ಳಿಯಿಂದ ಹಳ್ಳಿಗೆ ಹೋಗುವ ಬಂಡಿ ದಾರಿ. ಎಲ್ಲಾ ಬಗೆಯ ನೆಲವೂ ಒಂದೇ ಬೆಳಿಗ್ಗೆ ಸಿಗುತ್ತದೆ. ನೀಲಗಿರಿ ಎಲೆ ಉದುರಿದ ಜಾಗದಲ್ಲಿ ಜೋಪಾನ, ಒಣಗಿದ್ದರೂ ಜಾರುತ್ತದೆ. ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳ ಅಭ್ಯಾಸಕ್ಕೆ ಚೆನ್ನ. ಆದರೆ ಮೇಲೆ ಒಣಗಿ ಒಳಗೆ ಜೌಗು ಇರುತ್ತದೆ, ಮೊದಲು ನಡೆದು ನೋಡಿ. ದನ ಮೇಯಿಸುವವರು ಇದ್ದರೆ ಗಾಡಿ ನಿಲ್ಲಿಸಿ ಮಾತಾಡಿಸಿ. ಎಲ್ಲಿ ದಾರಿ ಇದೆ, ಎಲ್ಲಿ ಇಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾವ ಮ್ಯಾಪೂ ಹೇಳುವುದಿಲ್ಲ.

ಅದೇ ಕಡೆ ಬಿಗ್ ರಾಕ್ ಅನ್ನುವ ತರಬೇತಿ ಜಾಗ ಇದೆ, ಸಿ.ಎಸ್. ಸಂತೋಷ್ ಕಟ್ಟಿದ್ದು. ಅವರು ನಮ್ಮ ಬೆಂಗಳೂರಿನವರೇ. 2015ರಲ್ಲಿ ಡಾಕರ್ ರ್‍ಯಾಲಿ ಅನ್ನುವ, ಮರಳು ಕಲ್ಲುಗಳ ಮೇಲಿನ ದೂರದ ರೇಸನ್ನು ಮುಗಿಸಿದ ಮೊದಲ ಭಾರತೀಯ. ಮಣ್ಣಿನ ಮೇಲೆ ಬೈಕ್ ಓಡಿಸುವುದು ಅಂದರೆ ಹುಡುಗಾಟ ಅಂತ ಇದ್ದ ಕಾಲದಿಂದ, ಅದೂ ಒಂದು ವಿದ್ಯೆ, ಕೂತು ಕಲಿಯಬೇಕು ಅನ್ನುವ ಮಟ್ಟಕ್ಕೆ ತಂದವರಲ್ಲಿ ಅವರದು ದೊಡ್ಡ ಪಾಲು. ಅಲ್ಲೇ ಕಲಿಯಬೇಕು ಅಂತಲ್ಲ, ಎಲ್ಲಾದರೂ ಸರಿ, ಒಂದು ದಿನ ಗುರುವಿನ ಕೈಕೆಳಗೆ ಕಲಿಯಿರಿ. ಸುಮ್ನೆ ವಿಡಿಯೋ ನೋಡಿ ಕಲಿತರೆ ತಪ್ಪು ಅಭ್ಯಾಸಗಳು ಕೂತುಬಿಡುತ್ತವೆ.

ತರಬೇತಿಯಲ್ಲಿ ಮೊದಲು ಹೇಳಿಕೊಡುವುದು ನಿಂತು ಓಡಿಸುವುದನ್ನು. ಫುಟ್‌ರೆಸ್ಟ್ ಮೇಲೆ ನಿಂತರೆ ನಿಮ್ಮ ಮೈಭಾರ ಸೀಟಿನಿಂದ ಕೆಳಗೆ ಇಳಿಯುತ್ತದೆ, ಗಾಡಿ ಕೆಳಗೆ ತನ್ನ ಪಾಡಿಗೆ ಆಡುತ್ತದೆ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯಿರಿ. ಹ್ಯಾಂಡಲ್ ಮಾತ್ರ ಕೋಳಿಮರಿ ಹಿಡಿದ ಹಾಗೆ, ಬಿಡಲೂ ಬಾರದು, ಹಿಸುಕಲೂ ಬಾರದು. ಮುಂದಿನ ಚಕ್ರ ಕಲ್ಲಿನ ಮೇಲೆ ಅತ್ತಿತ್ತ ಅಲ್ಲಾಡಿದರೆ ಅಲ್ಲಾಡಲಿ, ನೀವು ಅದರ ಜೊತೆ ಜಗಳಕ್ಕೆ ಇಳಿಯಬೇಡಿ. ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲೆ ಅಲ್ಲ, ಹತ್ತು ಹದಿನೈದು ಅಡಿ ಆಚೆ ಇರಲಿ. ಗುಂಡಿ ನೋಡುತ್ತಾ ಹೋದರೆ ಗುಂಡಿಗೇ ಹೋಗುತ್ತೀರಿ. ಇಳಿಜಾರಿನಲ್ಲಿ ಒಂದನೇ ಗೇರ್ ಹಾಕಿ, ಕ್ಲಚ್ ಬಿಟ್ಟು, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ಹಿಂದಿನ ಬ್ರೇಕ್ ಹದವಾಗಿ, ಮುಂದಿನದು ಒಂದು ಬೆರಳಿನಲ್ಲಿ ಮಾತ್ರ. ಬಿದ್ದ ಗಾಡಿ ಎತ್ತುವುದಕ್ಕೂ ಕ್ರಮ ಇದೆ. ಕೀ ಆಫ್ ಮಾಡಿ, ಗೇರಿನಲ್ಲಿ ಇಡಿ, ಗಾಡಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತು, ಬೆನ್ನು ಬಗ್ಗಿಸದೆ ತೊಡೆಯ ಬಲದಲ್ಲಿ ಏಳಿ.

ಟಯರಿನ ಗಾಳಿ ಬಗ್ಗೆ ಹೊಸಬರು ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ದುಡ್ಡಿಲ್ಲದೆ ಸಿಗುವ ದೊಡ್ಡ ಲಾಭ ಅದು. ಮಣ್ಣಿಗೆ ಇಳಿಯುವ ಮುಂಚೆ 20 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಹತ್ತಿರಕ್ಕೆ ಇಳಿಸಿ ನೋಡಿ. ಟಯರು ನೆಲವನ್ನು ಅಪ್ಪಿಕೊಳ್ಳುತ್ತದೆ. ಇನ್ನೂ ಜಾಸ್ತಿ ಇಳಿಸಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಪಂಚರ್ ಆಗುತ್ತದೆ. ವಾಪಸ್ ಡಾಂಬರಿಗೆ ಬಂದಾಗ ತುಂಬಿಸಿಕೊಳ್ಳಬೇಕು, ಹಾಗಾಗಿ ಪಂಪು ಬ್ಯಾಗಿನಲ್ಲೇ ಇರಲಿ. ಜೊತೆಗೆ ಟಯರ್ ಲಿವರ್, ಒಂದು 21 ಇಂಚಿನ ಟ್ಯೂಬು. ಮುಂದಿನ ಟ್ಯೂಬು ಹಿಂದಿನ 18 ಇಂಚಿಗೂ ಊರು ಸೇರುವ ಮಟ್ಟಿಗೆ ನಡೆಯುತ್ತದೆ. ಹಿಂದಿನದು ಮುಂದೆ ಕೂರುವುದಿಲ್ಲ. ಒಂದು ಕ್ಲಚ್ ಲಿವರ್ ಕೂಡ ಇಟ್ಟುಕೊಳ್ಳಿ, ಬಿದ್ದಾಗ ಮೊದಲು ಮುರಿಯುವುದು ಅದೇ.

ಇನ್ನು ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ. ನನ್ನ ಮನಸ್ಸು ಇರುವುದು ಅಲ್ಲೇ, ಅದಕ್ಕೇ ಸ್ವಲ್ಪ ಬಿಗಿಯಾಗಿ ಹೇಳುತ್ತೇನೆ. ತೋಟದ ದಾರಿ ಯಾರದೋ ಸ್ವಂತ ಆಸ್ತಿ. ಗೇಟು ತೆರೆದಿದೆ ಅಂದರೆ ಒಳಗೆ ಬನ್ನಿ ಅಂತ ಅರ್ಥ ಅಲ್ಲ. ಕೇಳಿ ಹೋಗಿ. ಕೇಳಿದರೆ ಎಷ್ಟೋ ಕಡೆ ಕಾಫಿ ಕೊಟ್ಟು ಕಳಿಸುತ್ತಾರೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಹಣ್ಣಿನ ಕೊಯ್ಲು, ದಾರಿ ತುಂಬಾ ಆಳುಗಳು, ಮೂಟೆ ತುಂಬಿದ ಜೀಪುಗಳು. ಆಗ ಹೋಗಿ ತೊಂದರೆ ಕೊಡಬೇಡಿ. ಆಲೂರು, ಸಕಲೇಶಪುರದ ಸುತ್ತ ಆನೆ ಇದೆ. ಹೊತ್ತು ಇಳಿಯುವ ಮುಂಚೆ ಟಾರು ರಸ್ತೆಗೆ ಬಂದಿರಬೇಕು, ಇದರಲ್ಲಿ ರಾಜಿ ಇಲ್ಲ. ಹೊರಡುವ ಮುಂಚೆ ಅವತ್ತು ಆನೆ ಎಲ್ಲಿದೆ ಅಂತ ಊರಿನವರನ್ನು ಕೇಳಿಕೊಳ್ಳಿ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತದೆ, ಯಾವ ಟಯರೂ ಹಿಡಿಯುವುದಿಲ್ಲ. ಇಂಬಳ (ಜಿಗಣೆ) ಬೇರೆ. ಹಳ್ಳ ದಾಟುವ ಮುಂಚೆ ನಡೆದು ಆಳ ನೋಡಿ. ನೀರು ಒಳಗೆ ಹೋಗಿ ಎಂಜಿನ್ ನಿಂತರೆ ಸೆಲ್ಫ್ ಒತ್ತಲೇಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕಿಸಬೇಕು.

ಬೆಟ್ಟದ ನೆತ್ತಿಯ ಹುಲ್ಲುಗಾವಲಿಗೆ ಮಾತ್ರ ಚಕ್ರ ಇಳಿಸಬೇಡಿ. ಫೋಟೋದಲ್ಲಿ ಚೆಂದ ಕಾಣುತ್ತದೆ, ನಿಜ. ಆದರೆ ಆ ಇಳಿಜಾರಿನಲ್ಲಿ ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರು. ಹಿಂದಿನ ಚಕ್ರ ಒಂದು ಸಲ ತಿರುಗಿ ಕಿತ್ತರೆ ಅಲ್ಲೊಂದು ಗೀರು ಬೀಳುತ್ತದೆ. ಜೂನಿನ ಮಳೆ ಆ ಗೀರಿನಲ್ಲೇ ಹರಿಯುತ್ತದೆ. ನೋಡನೋಡುತ್ತಾ ಅದು ಕೊರಕಲು ಆಗುತ್ತದೆ. ಆ ನೀರೇ ಕೆಳಗಿನ ಊರುಗಳ ಹಳ್ಳಕ್ಕೆ, ಗದ್ದೆಗೆ ಬರಬೇಕು. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ನುಗ್ಗುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಕಾಯ್ದೆ ಇದೆ. ನಾಲ್ಕು ಜನ ಹೀಗೆ ನುಗ್ಗಿದರೆ ಊರಿನವರು ಎಲ್ಲಾ ಬೈಕಿನವರಿಗೂ ದಾರಿ ಮುಚ್ಚುತ್ತಾರೆ. ಅವರು ಮಾಡುವುದು ಸರಿಯೇ. ಸೈಲೆನ್ಸರ್ ಬದಲಿಸಬೇಡಿ ಅಂತ ಹೇಳುವುದೂ ಇದೇ ಕಾರಣಕ್ಕೆ. ಸದ್ದಿಲ್ಲದ ಗಾಡಿಗೆ ಹಳ್ಳಿಯಲ್ಲಿ ಬೇಗ ದಾರಿ ಸಿಗುತ್ತದೆ. ಒಬ್ಬರೇ ಮಾತ್ರ ಹೋಗಬೇಡಿ, ಮೂರು ಜನ ಇದ್ದರೆ ಒಳ್ಳೆಯದು. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿರುತ್ತಾರೆ, ಇನ್ನೊಬ್ಬರು ಸಿಗ್ನಲ್ ಸಿಗುವ ಕಡೆ ಹೋಗುತ್ತಾರೆ.

ಸೆಕೆಂಡ್ ಹ್ಯಾಂಡ್ ಎಕ್ಸ್‌ಪಲ್ಸ್ ನೋಡಲು ಹೋದಾಗ ಮೊದಲು ಬಗ್ಗಿ ಗಾಡಿಯ ಹೊಟ್ಟೆ ನೋಡಿ. ಕೆಳಗಿನ ರಕ್ಷಣೆಯ ತಗಡು ಗೀರಿದ್ದರೆ ಪರವಾಗಿಲ್ಲ, ಎಂಜಿನ್ ಕೇಸೇ ಬಡಿಸಿಕೊಂಡಿದ್ದರೆ ಬಿಟ್ಟುಬಿಡಿ. ಸ್ಪಾನರಿನಿಂದ ಒಂದೊಂದೇ ಸ್ಪೋಕ್ ತಟ್ಟಿ. ಬಿಗಿ ಇರುವುದು ಟಿಣ್ ಅನ್ನುತ್ತದೆ, ಸಡಿಲ ಆದದ್ದು ಮಂದ ಸದ್ದು ಮಾಡುತ್ತದೆ. ಮುಂದಿನ ಫೋರ್ಕಿನಲ್ಲಿ ಎಣ್ಣೆ ಸೋರಿದೆಯಾ, ಹ್ಯಾಂಡಲ್ ತಿರುಗಿಸುವಾಗ ನಡುವೆ ಎಲ್ಲಾದರೂ ತಡೆಯುತ್ತದೆಯಾ ನೋಡಿ. ಏರ್ ಫಿಲ್ಟರ್ ಡಬ್ಬ ತೆಗೆಸಿ, ಒಳಗೆ ಮಣ್ಣಿದ್ದರೆ ಬೆಲೆ ಇಳಿಸಿ ಕೇಳಿ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತ, ಅಲ್ಲಿಂದ ಎದ್ದು ಬನ್ನಿ. ಸಾಲ ಇದ್ದ ಗಾಡಿಯಾದರೆ ಆರ್‌ಸಿಯಲ್ಲಿ ಎಚ್‌ಪಿ, ಅಂದರೆ ಸಾಲ ಕೊಟ್ಟವರ ಹೆಸರು, ತೆಗೆಸಿದ್ದಾರಾ ಅಂತ ಕೇಳಿ. ಎರಡು ಮೂರು ಗಾಡಿ ನೋಡಿದ ಮೇಲೆ ಇನ್ನೂ ಅನುಮಾನ ಇದ್ದರೆ ಫೋಟೋ ಹಾಕಿ ಇಲ್ಲೇ ಕೇಳಿ, ನೋಡಿ ಹೇಳುತ್ತೇನೆ.